ಬಾಣಂತಿ ಕೋಣೆಯ ಹವಾಮಾನ

ತಲೆಗೆ ಉಣ್ಣೆಯ ಸ್ಕಾರ್ಫು, ಮೈಗೆ ತುಂಬುತೋಳಿನ ಸ್ವೆಟರು, ಕಿವಿಯಲ್ಲಿ ಹತ್ತಿ. ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಈ ಅವತಾರದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಗಾರ್ಗಿ ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ಪಾಠ ಹೇಳುತ್ತಿದ್ದಳು. ಮೈಸೂರು ಕುವೆಂಪುನಗರದ ತವರುಮನೆಯ ಕೋಣೆ. ಕಿಟಕಿ ಬಾಗಿಲು ಭದ್ರ. ಮೂಲೆಯ ಅಗ್ಗಿಷ್ಟಿಕೆಯಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಪಕ್ಕದ ತೊಟ್ಟಿಲಲ್ಲಿ ಇನ್ನೂ ಹೆಸರಿಡದ ಹಸುಗೂಸು.

ಅವಳು ಕಲಿಸುವ ಸರಸ್ವತಿಪುರಂ ಟ್ಯುಟೋರಿಯಲ್‌ನವರು, ಪರೀಕ್ಷೆ ಹತ್ತಿರ ಬಂತು, ಕೊನೆಯ ಪಾಠವೊಂದನ್ನು ಮನೆಯಿಂದಲೇ ಮುಗಿಸಿಕೊಡಿ ಎಂದು ಗೋಗರೆದಿದ್ದರು. ಅಜ್ಜಿ ಸುಂದರಮ್ಮನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಹತ್ತಿ ತೆಗೆಯಕೂಡದು, ಬೇಕಾದರೆ ಅದರ ಮೇಲೇ ಹೆಡ್‌ಫೋನ್ ಹಾಕಿಕೋ ಎಂಬ ಷರತ್ತಿನ ಮೇಲೆ ಒಪ್ಪಿದ್ದರು. ತಾಯಿಯಿಲ್ಲದ ಗಾರ್ಗಿಯನ್ನು ಸಾಕಿ ಬೆಳೆಸಿದವರು ಅವರು. ಬಾಣಂತನವೂ ಅವರದೇ, ಆ ಕೋಣೆಯಲ್ಲಿ ಅವರು ಹೇಳಿದ್ದೇ ವೇದ. ಗಾರ್ಗಿ ಇದುವರೆಗೆ ಅವರ ಮಾತಿಗೆ ಎದುರಾಡಿದವಳಲ್ಲ.

"ನೋಡಿ, ಹೊದಿಕೆ ತಾನಾಗಿ ಶಾಖ ಹುಟ್ಟಿಸಲ್ಲ. ಹೊರಗೆ ಹೋಗೋ ಶಾಖಕ್ಕೆ ಅಡ್ಡ ನಿಲ್ಲತ್ತೆ, ಅಷ್ಟೇ," ಎಂದಳು ಗಾರ್ಗಿ. "ಸೂರ್ಯನಿಂದ ಎಷ್ಟು ಬರತ್ತೋ ಅಷ್ಟು ಭೂಮಿಯಿಂದ ವಾಪಸ್ ಹೋಗ್ಬೇಕು. ಇಂಗಾಲದ ಡೈಆಕ್ಸೈಡು, ಮೀಥೇನು, ನೀರಾವಿ, ಇವೆಲ್ಲ ಹೋಗೋ ಶಾಖಾನ ಹೀರ್ಕೊಂಡು ಒಂದು ಪಾಲನ್ನ ಮತ್ತೆ ಕೆಳಕ್ಕೇ ಕಳಿಸ್ತವೆ. ಅವು ಇಲ್ದೇ ಇದ್ರೆ ನಾವು ಹೆಪ್ಪುಗಟ್ಟಿ ಹೋಗ್ತಿದ್ವಿ. ಹೊದಿಕೆ ಇರೋದು ತಪ್ಪಲ್ಲ. ದಿನೇ ದಿನೇ ಅದನ್ನ ದಪ್ಪ ಮಾಡ್ತಿದೀವಲ್ಲ, ಅದು ತಪ್ಪು."

ಅಜ್ಜಿ ತೊಟ್ಟಿಲ ಬಳಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಮಗುವಿನ ಮೇಲೆ ಇನ್ನೊಂದು ದುಪ್ಪಟಿ ಎಳೆದರು.

ಚೈತನ್ಯ ಎಂಬ ಹುಡುಗನ ದನಿ ಹೆಡ್‌ಫೋನಿನಲ್ಲಿ ಕೇಳಿತು. "ಮಿಸ್, ಬರೋದು ಅಷ್ಟೇ ಇದ್ದು ಹೋಗೋದು ಮಾತ್ರ ಕಮ್ಮಿ ಆದ್ರೆ, ಎಲ್ಲೀವರೆಗೂ ಬಿಸಿ ಆಗ್ತಾ ಹೋಗತ್ತೆ?"

"ಎರಡೂ ಸಮ ಆಗೋವರೆಗೂ. ಸಮ ಆಗ್ದೇ ಇದ್ರೆ..."

ಗಾರ್ಗಿಯ ಕಣ್ಣು ತೊಟ್ಟಿಲ ಮೇಲೆ ಬಿತ್ತು. ಕುಲಾವಿ, ಸ್ವೆಟರು, ಸುತ್ತಿದ ಪಂಚೆ, ರಗ್ಗು, ಈಗ ದುಪ್ಪಟಿ. ಮುಖವೊಂದೇ ಕಾಣುತ್ತಿತ್ತು, ಅದು ಕೆಂಪಗೆ ಕನಲಿತ್ತು. ಮಧ್ಯಾಹ್ನದಿಂದ ಮಗು ಅತ್ತಿರಲಿಲ್ಲ. ಹಾಲಿಗೂ ಎದ್ದಿರಲಿಲ್ಲ. ಎಷ್ಟು ಜಾಣ ಮಗು, ತಾಯಿಗೆ ಪಾಠ ಹೇಳೋಕೆ ಬಿಟ್ಟಿದೆ ಎಂದು ಅಜ್ಜಿ ಮೆಚ್ಚಿಕೊಂಡಿದ್ದರು, ಅವಳೂ ನಕ್ಕಿದ್ದಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆಯೇ?

ಹೆಡ್‌ಫೋನ್ ಕಿತ್ತೆಸೆದು ಮಗುವಿನ ಕತ್ತಿನ ಹಿಂದೆ ಕೈಯಿಟ್ಟಳು. ಕೈ ಚುರುಗುಟ್ಟಿತು. ಕೆನ್ನೆ ತಟ್ಟಿದಳು. ಮಗು ಕಣ್ಣು ತೆರೆಯಲಿಲ್ಲ.

ಅಜ್ಜಿಯೂ ಮುಟ್ಟಿ ನೋಡಿ ಬೆಚ್ಚಿದರು. "ಜ್ವರ ಕಣೇ. ಎಲ್ಲೋ ಶೀತ ಹೊಕ್ಕಿದೆ. ಆ ಕಂಬಳಿ ಕೊಡು ಇಲ್ಲಿ."

"ಬೇಡ ಅಜ್ಜಿ. ಇದನ್ನೆಲ್ಲ ತೆಗೀಬೇಕು."

"ಹುಚ್ಚು ಹಿಡಿದಿದೆಯಾ ನಿನಗೆ? ಎಳೇ ಮೈ ಅದು. ಗಾಳಿ ಸೋಕಿದ್ರೆ ಉಳಿಯಲ್ಲ." ಅಜ್ಜಿ ರಗ್ಗಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಅದು ಹಟವಲ್ಲ, ಭಯವೆಂದು ಗಾರ್ಗಿಗೆ ಗೊತ್ತಿತ್ತು. ಅವಳಿಗೂ ಅಷ್ಟೇ ಭಯವಾಗಿತ್ತು. ತನ್ನ ಲೆಕ್ಕವೇ ತಪ್ಪಿದ್ದರೆ?

"ಕೈ ಬಿಡು ಅಜ್ಜಿ," ಎಂದಳು. ಅಜ್ಜಿ ಬಿಡಲಿಲ್ಲ. ಗಾರ್ಗಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ರಗ್ಗು ಕಿತ್ತು, ಕುಲಾವಿಯ ಗಂಟು ಬಿಚ್ಚಿದಳು. ಒಳಗಿನ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು.

"ಅಪ್ಪಾ," ಎಂದು ಕೂಗಿದಳು. ಹಜಾರದಲ್ಲಿದ್ದ ಕೃಷ್ಣಸ್ವಾಮಿ ಓಡಿ ಬಂದರು. "ಈ ಅಗ್ಗಿಷ್ಟಿಕೆ ಆಚೆಗಿಡಿ. ವಿಭಾ ಡಾಕ್ಟ್ರಿಗೆ ಫೋನ್ ಮಾಡಿ. ಆಟೋ ಕರೀರಿ."

ಫೋನಿನಲ್ಲಿ ವಿಭಾ ಹೆಚ್ಚು ಮಾತಾಡಲಿಲ್ಲ. "ಮೈಮೇಲಿರೋದೆಲ್ಲ ತೆಗೀರಿ. ಎಚ್ಚರ ಆದ್ರೆ ಹಾಲು ಕೊಡಿ. ಕಾಯ್ಬೇಡಿ, ಈಗ್ಲೇ ಹೊರಡಿ."

ಕೃಷ್ಣಸ್ವಾಮಿ ಕಿಟಕಿ ತೆರೆದರು. ತಂಪು ಬರಲಿಲ್ಲ. ಹೊತ್ತು ಮುಳುಗುತ್ತ ಬಂದಿದ್ದರೂ ಒಳನುಗ್ಗಿದ್ದು ಬಿಸಿಗಾಳಿ. ಅಜ್ಜಿ ಅದಕ್ಕೆ ಮುಖವೊಡ್ಡಿ, ಪರವೂರಿಗೆ ಬಂದವರಂತೆ ನಿಂತುಬಿಟ್ಟರು.

ಆಟೋದಲ್ಲಿ ತೆಳುವಾದ ಒಂದು ಬಟ್ಟೆಯ ಮೇಲೆ ಮಗು ಗಾರ್ಗಿಯ ತೊಡೆಯಲ್ಲಿ ಮಲಗಿತ್ತು. ಅದರ ಎದೆ ಏರಿ ಇಳಿಯುವುದನ್ನೇ ಅವಳು ನೋಡುತ್ತಿದ್ದಳು, ಒಂದು ಉಸಿರು ತಡವಾದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಕ್ಲಿನಿಕ್ಕಿನ ತಿರುವಿನಲ್ಲಿ ಆಟೋ ಹಳ್ಳಕ್ಕೆ ಇಳಿದು ಕುಲುಕಿತು. ಮಗು ಮುಖ ಹಿಂಡಿ, ಬಾಯಿ ತೆರೆದು, ಕೀರಲು ದನಿಯಲ್ಲಿ ಅತ್ತಿತು. ಗಾರ್ಗಿಯೂ ಅತ್ತಳು. ಅಷ್ಟು ಹೊತ್ತು ತಡೆದುಕೊಂಡಿದ್ದೇ ದೊಡ್ಡದು.

ವಿಭಾ ಪರೀಕ್ಷಿಸಿದರು. ಜ್ವರಮಾಪಕದ ಅಂಕಿ ನೋಡಿ ಹುಬ್ಬು ಗಂಟಿಕ್ಕಿದರು, ಮತ್ತೆ ಮತ್ತೆ ನೋಡಿದರು. ಮಗು ಹಾಲು ಕುಡಿದ ಮೇಲೆ ಕಾವು ಇಳಿಯತೊಡಗಿತು. "ಸೋಂಕಿನ ಲಕ್ಷಣ ಕಾಣ್ತಿಲ್ಲ, ಆದ್ರೂ ನಾಳೆವರೆಗೂ ನನ್ನ ಕಣ್ಣೆದುರಿಗೇ ಇರ್ಲಿ," ಎಂದರು. "ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ರೆ ಕಷ್ಟ ಆಗ್ತಿತ್ತು."

ಹೊರಗಿನ ಬೆಂಚಿನಲ್ಲಿ ಅಜ್ಜಿ ತಾವು ಹೊದ್ದಿದ್ದ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗಾರ್ಗಿ ಪಕ್ಕದಲ್ಲಿ ಕೂತಳು.

"ನಿಮ್ಮಪ್ಪನ್ನ ಹೆತ್ತಾಗ ಒಂಟಿಕೊಪ್ಪಲಲ್ಲಿದ್ವಿ," ಎಂದರು ಅಜ್ಜಿ. "ಚೈತ್ರ ಮಾಸವೇ. ಸಂಜೆ ಆಗ್ತಿದ್ದ ಹಾಗೆ ಎಂಥ ತಂಗಾಳಿ ಬರೋದು ಗೊತ್ತಾ? ಹೊದಿಸ್ದೇ ಇದ್ರೆ ಮಗು ಗಡಗಡ ನಡುಗೋದು. ನಮ್ಮಮ್ಮ ಹೇಳ್ಕೊಟ್ಟಿದ್ದನ್ನೇ ಮಾಡ್ದೆ ಕಣೇ ನಾನು."

"ನೀನು ಕಲಿತಿದ್ದು ತಪ್ಪಲ್ಲ ಅಜ್ಜಿ. ಆ ಮೈಸೂರು ಈಗಿಲ್ಲ."

ಅಜ್ಜಿ ಗಾರ್ಗಿಯ ಕಿವಿಯಲ್ಲಿ ಇನ್ನೂ ಉಳಿದಿದ್ದ ಹತ್ತಿಯನ್ನು ತಾವೇ ತೆಗೆದರು.

"ಮಗೂ ಮೇಲಿದ್ದದ್ದನ್ನ ನನ್ನ ಕೈ ಬಿಡಿಸಿ ಕಿತ್ತೆ," ಎಂದರು. "ಭೂಮಿಗೆ ದಪ್ಪ ಹೊದಿಕೆ ಹೊದಿಸಿದೀವಿ ಅಂತ ಪಾಠದಲ್ಲಿ ಹೇಳ್ತಿದ್ದೆಯಲ್ಲ, ಅದನ್ನ ಯಾರ ಕೈ ಬಿಡಿಸಿ ಕೀಳ್ತೀಯೇ?"

ಒಳಗೆ ಮಗು ಮತ್ತೆ ಅಳುತ್ತಿತ್ತು. ಗಾರ್ಗಿ ಹಾಲೂಡಿಸಲು ಎದ್ದು ಹೋದಳು.