ಗೋಡೆ ಪಕ್ಕದ ಗಿಡ

ಕೆಳಗೆ ಗರಗಸದ ಮೋಟಾರು ಗುರ್ರೆಂದಾಗ ಸುಮಂಗಲಾ ಗಂಡನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಕಿಟಕಿಯಿಂದ ಇಣುಕಿದರೆ ಬೇವಿಗೆ ಹಗ್ಗ ಬಿಗಿಯುತ್ತಿದ್ದಾರೆ!

ಮಲ್ಕಾಜ್‌ಗಿರಿಯ ಆ ಓಣಿಯಲ್ಲಿ ನೆರಳು ಅಂತ ಉಳಿದದ್ದೇ ಅದೊಂದು. ಎದುರಿನ ಹುಣಸೆ ಹೋಗಿ ಮೊಬೈಲ್ ಅಂಗಡಿ ಬಂತು, ಮೂಲೆಯ ಹೊಂಗೆ ಹೋಗಿ ಅಪಾರ್ಟ್‌ಮೆಂಟ್ ಎದ್ದಿತು, ಉಳಿದ ಮಣ್ಣಿಗೆಲ್ಲ ಸಿಮೆಂಟು ಬಳಿದರು. ಬಳಿದವರೇ ಆಮೇಲೆ 'ಏನು ಧಗೆಯಪ್ಪಾ' ಅಂತ ಬಾಯಿ ಬಡಿದುಕೊಂಡರು. ಮೇಲಿನ ಮಹಡಿಯ ಇವರ ಪಡುವಣ ಗೋಡೆಗೆ, ಕಾಂಪೌಂಡ್ ಗೋಡೆ ಪಕ್ಕ ದಾಸವಾಳ, ಕ್ರೋಟನ್ನುಗಳ ನಡುವೆ ನಿಂತ ಆ ಬೇವೇ ಕೊಡೆ. ರೈಲ್ವೆಯಿಂದ ನಿವೃತ್ತನಾದ ಗಂಡ ತಾಯಪ್ಪ ಹೋದ ವಾರ ಬಿಸಿಲಿನ ಹೊಡೆತಕ್ಕೆ ಬಜಾರಿನಲ್ಲೇ ಕುಸಿದಿದ್ದ. ನಿನ್ನೆಯಷ್ಟೇ ಸಿಕಂದರಾಬಾದಿನ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಇನ್ನೊಮ್ಮೆ ಮೈ ಹೀಗೆ ಕಾದರೆ ತಮ್ಮ ಕೈಯಲ್ಲಿಲ್ಲ ಅಂದುಬಿಟ್ಟಿದ್ದರು ಡಾಕ್ಟರು. ಕೂಲರ್ ಇದ್ದೇನು ಬಂತು? ಮಧ್ಯಾಹ್ನವಾದರೆ ಕರೆಂಟೇ ಇರುತ್ತಿರಲಿಲ್ಲ.

ಚಪ್ಪಲಿ ಮೆಟ್ಟುವುದನ್ನೂ ಮರೆತು ಕೆಳಗೆ ಓಡಿದಳು. ಅಂಗಳದ ಟೈಲ್ಸು ಅಂಗಾಲು ಸುಟ್ಟಿತು. ಗೋಡೆ ಪಕ್ಕದ್ದೆಲ್ಲ ತೆಗೆದು ಕಾರಿಗೆ ಜಾಗ ಮಾಡಬೇಕಂತೆ, ಸೆಕ್ರೆಟರಿ ಸಾರ್ ಹೇಳಿದ್ದಾರಂತೆ ಎಂದು ಮೇಸ್ತ್ರಿ ತೆಲುಗಿನಲ್ಲಿ ಹೇಳಿದ.

ಕಟ್ಟಡದ ಸಂಘದ ಸೆಕ್ರೆಟರಿ ಅಂದರೆ ನೆಲಮಹಡಿಯ ಸೋಮಣ್ಣ. ಮಂಡ್ಯದ ಕಡೆಯವನು, ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ. ಬೇವಿಗೆ ಕೈ ಹಚ್ಚುವುದಿಲ್ಲವೆಂದು ಮೀಟಿಂಗಿನಲ್ಲಿ ಮಾತು ಕೊಟ್ಟವನೇ ಅವನು. ಸುಮಂಗಲಾ ಫೋನ್ ಹಚ್ಚಿದಳು. ಆ ಕಡೆ ಮಷೀನುಗಳ ಗದ್ದಲ.

"ಸೋಮಣ್ಣಾರ, ಗ್ವಾಡಿ ಬಾಜೂಕಿನ ಗಿಡ ಕಡ್ಯಾಕ ಬಂದಾರ್ರೀ!"

"ಕಡೀಲಿ ಬಿಡೀಮ್ಮಾ, ನಾನೇ ಹೇಳಿದ್ದು."

"ಏನಂತೀರಿ? ಗಿಡಾ ಹ್ವಾದ್ರ ನಮ್ಮ ಗತಿ ಏನ್ರೀ?"

"ಅಯ್ಯೋ, ಗಿಡ ಹೋದ್ರೆ ಹೋಯ್ತು. ಕುಂಡದಲ್ಲಿ ಬೇರೆ ಹಾಕ್ಕೊಡ್ತೀನಿ. ಮೇಸ್ತ್ರಿಗೆ ಫೋನ್ ಕೊಡಿ."

ಕುಂಡದಲ್ಲಂತೆ! ಮನುಷ್ಯನ ಜೀವದ ಪ್ರಶ್ನೆ ಇರುವಾಗ ಇವನಿಗೆ ಚೇಷ್ಟೆ! ಮೇಸ್ತ್ರಿ ಫೋನ್ ಕಿವಿಗಿಟ್ಟುಕೊಂಡ. "ಅಂತಾ ತೀಸೇಯ್," ಎಲ್ಲ ತೆಗೆದುಹಾಕು, ಎಂಬ ಸೋಮಣ್ಣನ ತೆಲುಗು ಅವಳಿಗೂ ಕೇಳಿಸಿತು.

ಅವಳು ಬೇವನ್ನು ತಬ್ಬಿಕೊಂಡು ನಿಂತಳು. ಏನು ಬೇಕಾದರೂ ಆಗಲಿ, ಬಿಡುವುದಿಲ್ಲ. ಅಷ್ಟರಲ್ಲಿ ಮೇಲಿನಿಂದ ಏನೋ ಬಿದ್ದ ಸದ್ದು, ಹಿಂದೆಯೇ ತಾಯಪ್ಪನ ನರಳಾಟ. ಕೈ ಬಿಟ್ಟು ಓಡಲೇಬೇಕಾಯಿತು. ಅವಳು ಅರ್ಧ ಮೆಟ್ಟಿಲು ಹತ್ತಿರಲಿಲ್ಲ, ಗರಗಸ ಮತ್ತೆ ಶುರುವಾಯಿತು.

ಬೇವು ಬಿದ್ದಾಗ ಕೋಣೆಗೆ ಬಿಸಿಲು ನುಗ್ಗಿತು. ಕರೆಂಟೂ ಹೋಯಿತು. ಗೋಡೆ ಮುಟ್ಟಲಾಗದಷ್ಟು ಕಾಯುತ್ತ ಬಂತು. ಬಕೆಟ್ಟಿನ ನೀರೆಲ್ಲ ಗಂಡನ ಮೈಮೇಲೆ ಸುರಿದರೂ ಅವನ ಚರ್ಮ ಸುಡುತ್ತಲೇ ಇತ್ತು. ಬೆವರು ನಿಂತಿತ್ತು, ಮಾತು ತೊದಲುತ್ತಿತ್ತು. ಅಂಬುಲೆನ್ಸಿನವರು ಬರುತ್ತೇವೆ ಅಂದರು, ಬರಲಿಲ್ಲ.

ಬಾಗಿಲು ದೂಡಿಕೊಂಡು ಬಂದವನು ಸೋಮಣ್ಣ. ಮುಖ ಬಿಳುಚಿಕೊಂಡಿತ್ತು.

"ಲಾರಿ ಬೇಕು ಅಂತ ಮೇಸ್ತ್ರಿ ಫೋನ್ ಮಾಡ್ದ. ಗಿಡಕ್ಕೆ ಲಾರಿ ಯಾಕೋ ಅಂದೆ... ಆ ಮರ ಯಾಕಮ್ಮಾ ಕಡಿಯೋಕ್ ಬಿಟ್ರಿ?"

"ನಾಚಿಕಿ ಬರಂಗಿಲ್ಲೇನ್ರೀ? ಗಿಡ ಕಡ್ಯಾಕ ಬಂದಾರ ಅಂತ ಬಡಕೊಂಡ್ರ, ಕಡೀಲಿ ಅಂದವ್ರು ನೀವ!"

"ಗಿಡ ಅಂದ್ರಲ್ಲಮ್ಮಾ! ನಾನು ಆ ದಾಸವಾಳ, ಕ್ರೋಟನ್ನು ಅನ್ಕೊಂಡೆ. ನೀವು ಮರ ಅನ್ಲೇ ಇಲ್ವಲ್ಲ..."

"ನಮ್ಮ ಕಡೆ ಅದಕ್ಕ ಗಿಡಾನ ಅಂತಾರ್ರೀ," ಎಂದವಳು ಒದ್ದೆ ಬಟ್ಟೆಯನ್ನು ಮತ್ತೆ ಗಂಡನ ಹಣೆಗೆ ಒತ್ತಿದಳು.

ಸೋಮಣ್ಣ ತಾಯಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದ. ಅವನ ಕಾರು ರಣಬಿಸಿಲಿನಲ್ಲಿ ನಿಂತಿತ್ತು, ಬೆಳಿಗ್ಗೆ ನೆರಳಿದ್ದ ಜಾಗದಲ್ಲೇ. ಬಾಗಿಲು ತೆಗೆಯಲು ಹೋದ ಸುಮಂಗಲಾಳ ಬೆರಳು ಚುರ್ರೆಂದವು. ತಾಯಪ್ಪ ಕಣ್ಣು ಬಿಟ್ಟ.

"ಸೋಮಣ್ಣಾರ, ದವಾಖಾನಿ ಬ್ಯಾಡ್ರಿ. ಆ ಗಿಡದ ಬುಡಕ್ಕ ಕುಂದರಸ್ರಿ. ಅಲ್ಲಿ ಭಾಳ ತಂಪೈತಿ."

ಈ ಸಲ ಸೋಮಣ್ಣನಿಗೆ ಆ ಮಾತು ಸರಿಯಾಗಿ ಅರ್ಥವಾಯಿತು. ಕಾಲ ಬುಡದಲ್ಲೇ ಬೇವಿನ ಹಸಿ ಮೋಟು. ಅವನು ಬಿಕ್ಕಿದ.

"ಹೂನ್ರೀ, ಅಲ್ಲಿಗೇ ಹೊಂಟೀವಿ," ಎಂದು ಸುಮಂಗಲಾ ಗಂಡನ ಮುಖದ ಮೇಲೆ ಸೆರಗು ಅಡ್ಡ ಹಿಡಿದಳು.