ಹೊತ್ತು ಮುಳುಗಿದ ಮೇಲಿನ ನೀರು

ನಡುರಾತ್ರಿ ದಾಟಿದ ಮೇಲೆ ಆ ಸಣ್ಣ ಸದ್ದು ಶುರುವಾಗುತ್ತಿತ್ತು. ಕರ್... ಕರ್... ಸ್ವಲ್ಪ ಬಿಟ್ಟು ಮತ್ತೆ ಕರ್. ಇಲಿ ಜೋಳದ ಚೀಲ ಕೆರೆಯುತ್ತಿದೆ ಎಂದುಕೊಂಡು ಒಂದು ವಾರ ನಾನು ಚೀಲಗಳ ಜಾಗ ಬದಲಿಸುತ್ತಾ ಹೋದೆ. ನಮ್ಮ ಮನೆಯಲ್ಲಿ ಇಲಿಗೆ ಬೋನು ಇಡುವುದಿಲ್ಲ. ಎಂಟನೆಯ ರಾತ್ರಿ ಎದ್ದು ನಡುಮನೆಗೆ ಬಂದು ನೋಡಿದರೆ, ನನ್ನ ಅತ್ತೆ ಕುಸುಮ ಹಾಸಿಗೆಯ ಮೇಲೆ ಕೂತು, ಗೋವಿನಜೋಳದ ಒಣ ಬೆಂಡನ್ನು ಕೋಲಿಗೆ ಕಟ್ಟಿಕೊಂಡು ಬೆನ್ನು ಕೆರೆದುಕೊಳ್ಳುತ್ತಿದ್ದರು.

"ಅತ್ತಿ, ರಕ್ತ ಬಂದೈತ್ರಿ."

"ಬರ್ಲಿ ಬೇ. ರಕ್ತ ಬಂದ್ರ ತುಸು ತಂಪ ಅನಸ್ತೈತಿ."

ಹಿಂದಿನ ಮಳೆಗಾಲದಲ್ಲಿ ಅವರಿಗೆ ನಾಗೀಣ ಆಗಿತ್ತು. ಸರ್ಪಸುತ್ತಿಗೆ ನಮ್ಮೂರು ಐಗಳಿಯಲ್ಲಿ ಮರಾಠಿಯ ಈ ಹೆಸರೇ ಓಡುತ್ತದೆ. ಬೊಕ್ಕೆಗಳು ಒಣಗಿದವು, ಕಲೆಗಳೂ ಮಾಸಿದವು, ಉರಿ ಮತ್ತು ತುರಿಕೆ ಮಾತ್ರ ಹೋಗಲಿಲ್ಲ. ಎಡಪಕ್ಕೆಯಿಂದ ಬೆನ್ನಿನ ನಡುವಿನವರೆಗೆ ಒಂದು ಗೇಣಿನಷ್ಟು ಜಾಗ. ಕುಪ್ಪಸದ ಅಂಚು ತಾಗಿದರೂ ಸಾಕು, ಹಲ್ಲು ಕಚ್ಚಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಬೇವು, ಕೆಮ್ಮಣ್ಣು, ಯಾರೋ ಕೊಟ್ಟ ಎಣ್ಣೆ, ಎಲ್ಲವನ್ನೂ ಹಚ್ಚಿ ಆಗಿತ್ತು. ಆರು ತಿಂಗಳಿಂದ ಅವರು ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ.

ಮರುದಿನವೇ ಅಥಣಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಸುಮಯ್ಯಾ ನನಗಿಂತ ಚಿಕ್ಕವರು. ಬೆನ್ನನ್ನು ಹತ್ತಿಯ ತುದಿಯಿಂದ ಮುಟ್ಟಿ ನೋಡಿದರು. ಎದೆಯ ಇಸಿಜಿ ತೆಗೆಸಿ ಅದನ್ನೂ ನೋಡಿದರು.

"ಚರ್ಮ ಬರೋಬರ್ ಐತಿ ಮೌಶಿ. ಒಳಗಿನ ನರ ಕೆಟ್ಟೈತಿ. ಗಾಯ ಮಾದು ಹೋದ್ರೂ ಅದು ಸುಳ್ಳ ಸುದ್ದಿ ಕಳಸಾಕತ್ತೈತಿ, ಉರೀತೈತಿ, ಕಡೀತೈತಿ ಅಂತ."

"ನಮ್ಮ ಓಣಿ ಪೂನಮನಂಗ," ಎಂದರು ಅತ್ತೆ.

ಡಾಕ್ಟರ್ ನಕ್ಕರು. ಚೀಟಿ ಬರೆಯುತ್ತಾ ಹೇಳಿದರು: "ಈ ಗುಳಿಗಿ ಮೊದಲ ಬಂದದ್ದು ಮನಸ್ಸು ಕುಗ್ಗಿದವ್ರಿಗೆ. ಸಣ್ಣ ಪ್ರಮಾಣದಾಗ ಕೊಟ್ರ ನರದ ಬಾಯಿ ಮುಚ್ಚಸ್ತೈತಿ. ಉರಿ ಕಮ್ಮಿ, ಕಡತ ಕಮ್ಮಿ, ನಿದ್ದೀನೂ ಬರ್ತೈತಿ. ನಾಳಿ ಯಾರರ ಮೊಬೈಲದಾಗ ನೋಡಿ ಹುಚ್ಚಿನ ಗುಳಿಗಿ ಅಂದ್ರ ಅಂಜಬ್ಯಾಡ್ರಿ."

"ಕಡತ ನಿಲ್ಲಲಿಲ್ಲಂದ್ರ ಹುಚ್ಚ ಹಿಡದ ಹಿಡೀತೈತಿ. ಕೊಡವ್ವಾ."

"ರಾತ್ರಿ ಮಲಗೋಮುಂದ ಒಂದು. ಬಾಯಿ ಒಣಗತೈತಿ, ಬಾಜೂಕ ನೀರ ಇಟ್ಕೊಂಡ ಮಲಗ್ರಿ. ಬ್ಯಾರೆ ಏನರ ಹೇಳೂದೈತೇನ್ರಿ?"

ಹೇಳುವುದಿತ್ತು. ನನ್ನ ಗಂಡ ಶ್ರೇಣಿಕ ನಾಲ್ಕು ವರ್ಷದ ಹುಡುಗನಾಗಿದ್ದಾಗ ವಿಷಮಶೀತ ಜ್ವರದಲ್ಲಿ ಹನ್ನೆರಡು ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಆಗ ಅತ್ತೆ ಬಸದಿಯಲ್ಲಿ ನೇಮ ಹಿಡಿದಿದ್ದರು. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಹಣ್ಣಿಲ್ಲ, ಔಷಧವಿಲ್ಲ, ಒಂದು ಹನಿ ನೀರೂ ಇಲ್ಲ. ಮಗ ಬದುಕಿದ. ಮೂವತ್ತೆರಡು ವರ್ಷ ಆ ನೇಮ ಒಂದು ದಿನವೂ ತಪ್ಪಿರಲಿಲ್ಲ. ಮಗನ ಜೀವ ಆ ನೇಮಕ್ಕೆ ಕಟ್ಟಿಕೊಂಡಿದೆ ಎಂದು ಅವರು ಯಾರಿಗೂ ಹೇಳುವುದಿಲ್ಲ. ಆದರೆ ನಂಬಿದ್ದಾರೆ, ಅದು ನನಗೆ ಗೊತ್ತು.

ನಾನು ಅತ್ತೆಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನೇಮದ ಮಾತೆತ್ತಿದರೆ ಡಾಕ್ಟರ್ ಈ ಔಷಧವೇ ಬೇಡವೆಂದಾರು, ಮತ್ತೆ ಆ ಕರ್ ಕರ್ ಎಂದು ಹೆದರಿದೆ. ಹೊತ್ತು ಮುಳುಗುವ ಮುನ್ನ ಕೊನೆಯ ನೀರಿನ ಜೊತೆ ಕೊಟ್ಟರಾಯಿತು ಎಂದು ನಾನೇ ತೀರ್ಮಾನಿಸಿಕೊಂಡೆ. ಬಿ.ಎಸ್ಸಿ. ಓದಿದ ಧೈರ್ಯ.

"ಏನಿಲ್ರಿ," ಎಂದೆ.

ಹಾಗೆಯೇ ಕೊಟ್ಟೆ, ದಿನಾ ಸಂಜೆ ಆರಕ್ಕೆ. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ರಾತ್ರಿ ಸದ್ದು ತಡವಾಗಿ ಶುರುವಾಗಿ ಬೇಗ ನಿಂತಿತು. ಎಂಟನೆಯ ರಾತ್ರಿ ಸದ್ದೇ ಇಲ್ಲ. ನನಗೆ ಅದೂ ಗಾಬರಿಯೇ. ಎದ್ದು ಹೋಗಿ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಬಾಗಿ ನೋಡಿ ಬಂದೆ. ಬೆಳಿಗ್ಗೆ ಅತ್ತೆ ಆ ಬೆಂಡಿನ ಕೋಲನ್ನು ಗೂಟಕ್ಕೆ ನೇತುಹಾಕಿ, "ಇನ್ನ ಇದಕ್ಕೂ ಸೂಟಿ," ಎಂದರು. ಕುಪ್ಪಸದ ಗುಂಡಿಯನ್ನು ಪೂರ್ತಿ ಹಾಕಿಕೊಂಡಿದ್ದರು.

"ಬಾಯಿ ಮಾತ್ರ ಮಣೂಕ ಆಗೇತಿ ನೋಡು," ಎಂದು ನಾಲಿಗೆ ಚಾಚಿ ತೋರಿಸಿದರು. ಅದು ನಮ್ಮಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಕಾಲ. ಊರಲ್ಲಿ ಎಲ್ಲರ ಬಾಯಲ್ಲೂ ಮಣೂಕದ್ದೇ ಮಾತು. ನಾನು ನಕ್ಕು ಸುಮ್ಮನಾದೆ. ಅಲ್ಲಿ ನಗಬಾರದಿತ್ತು.

ಹನ್ನೊಂದನೆಯ ರಾತ್ರಿ ಬೇರೊಂದು ಸದ್ದು ಕೇಳಿತು. ಹಿತ್ತಾಳೆಯ ಮುಚ್ಚಳ ಕಲ್ಲಿಗೆ ತಾಗಿದ ಸದ್ದು. ಬಂದು ನೋಡಿದೆ. ಅಡುಗೆಮನೆಯ ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತಿತ್ತು. ಅತ್ತೆ ನೀರಿನ ಕೊಡದ ಮುಂದೆ ನಿಂತು, ತಂಬಿಗೆಯನ್ನು ಎತ್ತಿ, ಒಂದೇ ಉಸಿರಿಗೆ ಕುಡಿಯುತ್ತಿದ್ದರು. ಕಣ್ಣು ಅರೆ ಮುಚ್ಚಿತ್ತು. ಪೂರ್ತಿ ಕುಡಿದು ತಂಬಿಗೆ ಕೆಳಗಿಟ್ಟ ಮೇಲೆ ಅವರಿಗೆ ಎಚ್ಚರವಾಯಿತು. ತಂಬಿಗೆಯನ್ನು ನೋಡಿದರು. ಸೆರಗಿನಿಂದ ಬಾಯಿ ಒತ್ತಿ ಹಿಡಿದು ಹಾಗೆಯೇ ನೆಲಕ್ಕೆ ಕುಸಿದರು.

ಹತ್ತಿರ ಹೋಗಬೇಕೆಂದು ಒಂದು ಹೆಜ್ಜೆ ಇಟ್ಟೆ. ಯಾರೂ ನೋಡಿಲ್ಲವೆಂಬ ಸಮಾಧಾನವನ್ನಾದರೂ ಅವರಿಗೆ ಉಳಿಸೋಣವೆನ್ನಿಸಿತು. ಕಾಲುಂಗುರ ನೆಲಕ್ಕೆ ತಾಗದಂತೆ ಹಿಂದೆ ಸರಿದು ಬಂದು ಮಲಗಿದೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಏಳಕ್ಕೆ ಶ್ರೇಣಿಕ ತೋಟದಿಂದ ಬಂದರು. ಮಣೂಕದ ಕಾಲದಲ್ಲಿ ಅವರು ಒಣಗಿಸುವ ಶೆಡ್ಡಿನಲ್ಲೇ ಮಲಗುತ್ತಾರೆ. ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ.

ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಏನಿಲ್ಲವ್ವಾ. ದ್ರಾಕ್ಷಿ ಜಾಳಿಗಿ ತಂತಿ ಹರದು ಬಡೀತು. ನಾಕ ಹೊಲಿಗಿ ಅಷ್ಟ."

ಅತ್ತೆ ಒಳಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡರು. ಬಾಗಿಲ ಆಚೆಯಿಂದ ಅವರ ದನಿ ಕೇಳಿತು: "ನನ್ನಿಂದ ಆತು. ನನ್ನಿಂದನ ಆತು."

ಅವತ್ತು ಉಪವಾಸ. ಸಂಜೆ ನಾನು ಗುಳಿಗೆ ಹಿಡಿದು ಹೋದರೆ ಮುಖ ತಿರುಗಿಸಿದರು. "ಬ್ಯಾಡ. ಒಗಿ ಅದನ್ನ."

"ಕಡತ ಮತ್ತ ಬರ್ತೈತ್ರಿ ಅತ್ತಿ."

"ಬರ್ಲಿ. ನನ್ನ ಕಡತ ನನಗ ಇರ್ಲಿ."

ಮೂರನೆಯ ರಾತ್ರಿ ಮತ್ತೆ ಶುರುವಾಯಿತು. ಕರ್... ಕರ್... ನಾನು ಚಾದರದೊಳಗೆ ಕಣ್ಣು ಬಿಟ್ಟುಕೊಂಡು ಕೇಳಿದೆ. ತಪ್ಪು ನನ್ನದು. ಡಾಕ್ಟರ್ ನೀರಿನ ಮಾತಾಡಿದ ಗಳಿಗೆಯಲ್ಲೇ ಹೇಳಬೇಕಿತ್ತು. ಈಗ ಏನು ಹೇಳಬೇಕಾದರೂ, ನಾನು ನೋಡಿದೆ ಎಂಬಲ್ಲಿಂದಲೇ ಶುರು ಮಾಡಬೇಕು. ಅದನ್ನು ಹೇಳಿದರೆ ಅವರು ನನ್ನ ಮುಂದೆ ಜನ್ಮಪೂರ್ತಿ ತಲೆ ಎತ್ತುವುದಿಲ್ಲ.

ಹೀಗೆ ಹೊರಳಾಡುತ್ತಿರುವಾಗ ಬುಧವಾರದ ಒಂದು ಫೋನ್ ಕರೆ ನೆನಪಾಯಿತು. ಅತ್ತೆ ನೀರು ಕುಡಿದದ್ದು ಬುಧವಾರದ ನಡುರಾತ್ರಿ ದಾಟಿದ ಮೇಲೆ. ಶ್ರೇಣಿಕ ನನಗೆ ಫೋನ್ ಮಾಡಿದ್ದು ಅದಕ್ಕೂ ಮೊದಲು, ಅದೇ ಸಂಜೆ. "ಕೈಗೆ ತುಸು ಹತ್ತೇತಿ. ಅವ್ವಗ ಹೇಳಬ್ಯಾಡ, ಸುಮ್ನ ಅಂಜತಾಳ." ಆಗ ನಾನು ಹಂಚಿನ ಮೇಲೆ ಮೆಣಸಿನಕಾಯಿ ಹಿಂಡಿ ಹುರಿಯುತ್ತಿದ್ದೆ, ಹಿತ್ತಲಲ್ಲಿ ಇನ್ನೂ ಬಿಸಿಲಿತ್ತು. ಅವರು ಹೇಳಬೇಡವೆಂದದ್ದಕ್ಕೆ ನಾನು ಹೇಳಿರಲಿಲ್ಲ. ಪಟ್ಟಿ ಕಂಡ ಬೆಳಿಗ್ಗೆ ಆ ತಂಬಿಗೆಯೇ ಕಣ್ಣ ಮುಂದಿತ್ತು, ಕರೆ ಬಂದ ಹೊತ್ತನ್ನು ಲೆಕ್ಕ ಹಾಕಿರಲಿಲ್ಲ.

ಮರುದಿನ ಸಂಜೆಯ ಊಟಕ್ಕೆ ಶ್ರೇಣಿಕ ಮನೆಗೆ ಬಂದಿದ್ದರು. ಅತ್ತೆ ಎದುರಿಗೆ ಕೂತು ಅರ್ಧ ರೊಟ್ಟಿಯನ್ನು ಮುರಿಯುತ್ತಾ ಮಗನ ಪಟ್ಟಿಯನ್ನೇ ನೋಡುತ್ತಿದ್ದರು. ನಾನು ಪಲ್ಯ ಬಡಿಸುತ್ತಾ, ಏನೂ ಗೊತ್ತಿಲ್ಲದವಳಂತೆ ಕೇಳಿದೆ:

"ಈ ಕೈ ಯಾವಾಗ ಕೊಯ್ತು ನಿಮಗ? ನಡರಾತ್ರ್ಯಾಗೇನ್ರಿ?"

ಅವರು ನನ್ನನ್ನು ದಿಟ್ಟಿಸಿದರು. "ನಿನಗ ತಲಿ ಕೆಟ್ಟೈತೇನು? ಸಂಜೀಕನ ಫೋನ್ ಮಾಡಿದ್ನಲ್ಲ ನಾ. ಅವ್ವಗ ಹೇಳಬ್ಯಾಡ ಅಂದ್ರ ಈಗ ಅಕಿ ಮುಂದನ ಕೇಳಾಕತ್ತಿ."

"ಬುಧವಾರ ಸಂಜೀಕ?"

"ಬುಧವಾರ. ಕೆಲಸದ ಗುರಪ್ಪ ಮ್ಯಾಲಿನ ಜಾಳಿಗಿಗೆ ದ್ರಾಕ್ಷಿ ಹರವಾಕತ್ತಿದ್ದ, ನಾ ಕೆಳಗ ನಿಂತಿದ್ದೆ. ಆರು ಹೊಡದಿರಲಿಲ್ಲ."

ಅತ್ತೆಯ ಕೈ ನಿಂತಿತು. "ಶ್ರೇಣಿಕ, ಖರೇ ಹೇಳು. ಬಿಸಿಲಿತ್ತೇನು?"

"ಇತ್ತವ್ವಾ. ಕಣ್ಣಿಗೆ ಬಿಸಿಲ ಹೊಡದಿದ್ದಕ್ಕ ತಂತಿ ಕಾಣಲಿಲ್ಲ. ಯಾಕ, ಏನಾತು?"

"ಏನಿಲ್ಲ. ಉಣ್ಣು."

ಅತ್ತೆ ತಮ್ಮ ತಟ್ಟೆ ಮುಂದೆ ಸರಿಸಿದರು. "ಮಯೂರಿ, ಇನ್ನೊಂದ ರೊಟ್ಟಿ ಹಾಕು. ಹೊತ್ತ ಮುಳಗಾಕ ಇನ್ನೂ ಟೈಮ ಐತಿ."

ರೊಟ್ಟಿ ಹಾಕುವಾಗ ನಾನು ಹೇಳಿದೆ, "ನಾಳಿ ಅಥಣಿಗೆ ಹೋಗೂಣ್ರಿ. ಬಾಯಿ ಒಣಗೂದು ಡಾಕ್ಟರಿಗೆ ಹೇಳಬೇಕು. ನೇಮಾನೂ ಹೇಳಬೇಕು. ಅವತ್ತ ಹೇಳಲಿಲ್ಲ, ನಂದ ತಪ್ಪು." ಅವರು ಬೇಡವೆನ್ನಲಿಲ್ಲ.

ದವಾಖಾನೆಯಲ್ಲಿ ಮಧ್ಯಾಹ್ನದ ಸೆಕೆ. ರಂಜಾನ್ ನಡೆದಿತ್ತು. ಡಾಕ್ಟರ್ ಸುಮಯ್ಯಾ ಅವರ ತುಟಿಯೂ ಬಿಳಿಚಿತ್ತು. ನಾನು ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅಷ್ಟನ್ನು ಮಾತ್ರ ಹೇಳಿದೆ: ನೇಮ, ಸಂಜೆಯ ಗುಳಿಗೆ, ಒಣಗುವ ಬಾಯಿ. ಆ ರಾತ್ರಿಯ ವಿಷಯ ಎತ್ತಲಿಲ್ಲ.

ಅವರು ಹಣೆಗೆ ಕೈ ಹಚ್ಚಿಕೊಂಡರು. "ನಾ ಕೇಳಬೇಕಿತ್ತು. ನಮ್ಮ ಓಣ್ಯಾಗ ಅರ್ಧ ಮನಿ ಜೈನರವ. ರೋಜಾ ಇದ್ದವ್ರಿಗೆ ದಿನಾ ಗುಳಿಗಿ ಟೈಮ ಬದಲಿ ಮಾಡಿ ಕೊಡಾಕತ್ತೀನಿ, ನಿಮಗ ಕೇಳಲೇ ಇಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ, "ನಾ ಹಗಲ ಕುಡ್ಯಾಂಗಿಲ್ಲ, ನೀವು ರಾತ್ರಿ ಕುಡ್ಯಾಂಗಿಲ್ಲ. ಇಬ್ಬರೂ ಕೂಡಿ ಒಂದ ಕೊಡಾ ನೀರ ಉಳಸೇವಿ ಮೌಶಿ."

ಅತ್ತೆ ನಗಲಿಲ್ಲ. ಸೆರಗಿನ ತುದಿ ತಿರುಚುತ್ತಾ ಕೇಳಿದರು, "ಈ ಗುಳಿಗಿ ತಗೊಂಡವ್ರು... ನಿದ್ದಿಗಣ್ಣಾಗ, ಗೊತ್ತಿಲ್ಲದಂಗ, ಏನರ ಮಾಡಿರ್ತಾರೇನ್ರಿ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಮಂಪರದಾಗ ಎದ್ದು ನೀರ ಕುಡದವ್ರು ಭಾಳ ಮಂದಿ ಅದಾರ. ಅದು ಗುಳಿಗಿ ಕೆಲಸ ಮೌಶಿ, ಮನಷಾರ ಕೆಲಸ ಅಲ್ಲ. ನಮ್ಮವ್ವ ಸರ್ವರಬಿ ಹೋದ ವರ್ಷ ಮರತ ಚಾ ಕುಡದು ಅಳಾಕತ್ತಿದ್ಲು. ಮರತ ಕುಡದ್ರ ರೋಜಾ ಮುರ್ಯಾಂಗಿಲ್ಲಬೇ ಅಂತ ನಾನ ಹೇಳಬೇಕಾತು."

"ನಮ್ಮಲ್ಲಿ ಪ್ರಾಯಶ್ಚಿತ್ತ ಐತಿ," ಎಂದರು ಅತ್ತೆ, ಮೆಲ್ಲಗೆ.

ಗುಳಿಗೆಯ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಯಿತು. ಐದಕ್ಕೇ ಕೊಡಬೇಕು. ಹಗಲೆಲ್ಲ ಚೆನ್ನಾಗಿ ನೀರು, ಸಂಜೆಯ ಊಟದಲ್ಲಿ ಉಪ್ಪಿನಕಾಯಿ, ಹಿಂಡಿ ಬೇಡ. ಉರಿ ಉಳಿದರೆ ಹಗಲಿಗೆ ಹಚ್ಚಲು ಒಂದು ಮುಲಾಮು. ಹತ್ತು ದಿನಕ್ಕೆ ಬಂದು ತೋರಿಸಬೇಕು. ಇನ್ನೂ ತ್ರಾಸವಾದರೆ ಬೇರೆ ಔಷಧ ಇದೆ, ಮುಚ್ಚಿಡಬೇಡಿ ಎಂದರು.

ಈ ಸಲ ನಿಧಾನ. ಎರಡು ವಾರ ಹಿಡಿಯಿತು. ಒಂದು ರಾತ್ರಿ ಕರ್ ಎಂದರೆ ಮೂರು ರಾತ್ರಿ ಮೌನ. ನಡುವೆ ಅತ್ತೆ ಒಬ್ಬರೇ ಹೋಗಿ, ಬಸದಿಯಲ್ಲಿ ತಂಗಿದ್ದ ಜೈನ ಸನ್ಯಾಸಿನಿ ಮಾತಾಜಿಯವರನ್ನು ಕಂಡು ಬಂದರು. ಏನು ಹೇಳಿದರು, ಏನು ಕೇಳಿದರು ಎಂದು ನಾನು ಕೇಳಲಿಲ್ಲ. ಮುಂದೆ ಎರಡು ಅಷ್ಟಮಿ ಉಪವಾಸ ಮಾಡಿದರು. ಬೆಂಡಿನ ಕೋಲಿಗೆ ಗೂಟದ ಮೇಲೆ ಜೇಡ ಬಲೆ ಕಟ್ಟಿತು. ಬಾಯಿ ಪೂರ್ತಿ ಸರಿಹೋಗಲಿಲ್ಲ. ಬೆಳಿಗ್ಗೆ ಸೂರ್ಯ ಮೂಡುವುದನ್ನು ತಂಬಿಗೆ ಹಿಡಿದು ಕಾಯುತ್ತಾರೆ. ಆದರೆ ಕಾಯುವಷ್ಟು ಶಕ್ತಿ ಅವರಿಗೆ ನಿದ್ದೆಯಿಂದ ಬಂದಿದೆ.

ಮೊನ್ನೆ ಅಂಗಳದಲ್ಲಿ ಕೂತು ಮಣೂಕದ ತೊಟ್ಟು ಬಿಡಿಸುತ್ತಿದ್ದೆವು. ಅತ್ತೆ ತಲೆ ಎತ್ತದೆ ಕೇಳಿದರು:

"ಮಯೂರಿ, ಅವತ್ತ ಬುಧವಾರ ರಾತ್ರಿ ನಿನಗ ಎಚ್ಚರಿತ್ತೇನು?"

"ಇಲ್ರಿ ಅತ್ತಿ. ನೀವು ಕೆರಕೊಳ್ಳೂದು ನಿಂತಿತ್ತಲ್ಲ, ನನಗೂ ಗಡದ್ದ ನಿದ್ದಿ."

"ಹಂಗಾರ ಕನಸಿರಬೇಕು. ಕಾಲುಂಗರದ ಸಪ್ಪಳ ಕೇಳಿದಂಗ ಆಗಿತ್ತು."

ಅವರು ದಪ್ಪನೆಯ ನಾಲ್ಕು ಮಣೂಕ ಆರಿಸಿ ನನ್ನ ಅಂಗೈಗೆ ಹಾಕಿದರು. ಇಬ್ಬರೂ ಮತ್ತೆ ತೊಟ್ಟು ಬಿಡಿಸತೊಡಗಿದೆವು.

ಆ ದಿನ ಊಟಕ್ಕೆ ಬಂದ ಶ್ರೇಣಿಕ, ಅತ್ತೆ ಬಸದಿಗೆ ಹೋದ ಹೊತ್ತು ನೋಡಿ ಕೇಳಿದರು, "ಅವ್ವ ಗುಳಿಗಿ ಬ್ಯಾಡಂದಾಕಿ ಮತ್ತ ಹೆಂಗ ಒಪ್ಪಿದ್ಲು? ನಡುವ ಏನರ ಆಗಿತ್ತೇನು?"

ಅವರ ಮುಂಗೈಯ ಹೊಲಿಗೆಯ ಗುರುತು ತಿಳಿಗೆಂಪಾಗಿ ಮಾಯುತ್ತಿತ್ತು. ಆ ತಂಬಿಗೆ ನೀರು ಯಾರಿಗೂ ಏನೂ ಕೆಡಿಸಿಲ್ಲ. ಮಾತಾಜಿಯವರಿಗೆ ಗೊತ್ತು, ಅತ್ತೆಗೆ ಗೊತ್ತು. ಮತ್ತೊಬ್ಬರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ, ಇವರಿಗೂ ಇಲ್ಲ, ನನ್ನ ತವರಿಗೂ ಇಲ್ಲ ಎಂದು ರೊಟ್ಟಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುವಷ್ಟರಲ್ಲಿ ನಾನು ನಿರ್ಧರಿಸಿದ್ದೆ.

"ಬಾಯಿ ಒಣಗತಿತ್ರಿ," ಎಂದೆ. "ಡಾಕ್ಟರ್ ಟೈಮ ಬದಲಿ ಮಾಡಿ ಕೊಟ್ರು. ಅಷ್ಟ."