ತಮ್ಮನಿಗೆ ಹಿಡಿದಿಟ್ಟ ಜಾಗ

ನಮ್ಮ ಅಪ್ಪ ಅಯ್ಯಣ್ಣ ಕುಣಿ ತೋಡಿಸಲು ಅವಸರ ಮಾಡಿದ ಎಂದು ಈಗ ಓಣಿಯವರೆಲ್ಲ ಹೇಳುತ್ತಾರೆ. ಅವತ್ತು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ನನ್ನ ತಮ್ಮ ಸಂಗಮನಾಥ ಲಾರಿ ಡ್ರೈವರ್. ಇನ್ನೂ ಮದುವೆಯಾಗಿರಲಿಲ್ಲ. ಮೆಣಸಿನಕಾಯಿ ಲೋಡು ತಗೊಂಡು ಪಂಜಾಬಿಗೆ ಹೋದವನು ಅಲ್ಲಿಯ ಚಳಿಯಲ್ಲಿ, ಸ್ಟೇರಿಂಗ್ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಲಾರಿ ಮಾಲೀಕ ಪುಣ್ಯಾತ್ಮ, ದಿಲ್ಲಿಯಿಂದ ಹೈದರಾಬಾದಿನವರೆಗೆ ಹೆಣವನ್ನು ವಿಮಾನದಲ್ಲಿ ಕಳಿಸುವ ಏರ್ಪಾಡು ಮಾಡಿದ. ನನ್ನ ಗಂಡ ಶಿವರಾಜ ಆಂಬುಲೆನ್ಸ್ ಮಾಡಿಕೊಂಡು ಹೈದರಾಬಾದಿಗೆ ಹೋದರು. ಬೆಳಿಗ್ಗೆ ವಿಮಾನ ಇಳಿದರೆ ಮಧ್ಯಾಹ್ನ ನಮ್ಮೂರು ಸುರಪುರ ಎಂಬ ಲೆಕ್ಕ. ಬಸ್ಸಿನ ಲೆಕ್ಕವೇ ದಿನಾ ತಪ್ಪುವ ಊರಿನವರು ನಾವು, ಆದರೂ ವಿಮಾನದ ಲೆಕ್ಕ ತಪ್ಪೀತೆಂದು ಯಾರಿಗೂ ಹೊಳೆಯಲಿಲ್ಲ. ಬೋನಾಳ ರಸ್ತೆಯ ನಮ್ಮ ಹೊಲದಲ್ಲಿ ಹೊತ್ತೇರುವ ಮೊದಲೇ ಕುಣಿ ಸಿದ್ಧವಾಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕುಣಿಯ ಗೋಡೆಯಲ್ಲಿ ಗೂಡು ಕೊರೆದು, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಅವ್ವ ಸೂಗಮ್ಮನದು ಬಂದವರ ಮುಂದೆಲ್ಲ ಅದೊಂದೇ ಮಾತು.

“ಪರದೇಶಿ ಹಂಗ ಸತ್ತಾನ ನನ್ನ ಮಗ. ಮಣ್ಣಾದ್ರೂ ನಮ್ಮವರ ಹಂಗ ಆಗ್ಲಿ. ಛಂದಂಗ ಕುಂದರಿಸ್ರಿ ಅವನ್ನ.”

ಅಷ್ಟರಲ್ಲಿ ಗಂಡನ ಫೋನು ಬಂತು.

“ಕಸ್ತೂರಿ, ದಿಲ್ಲ್ಯಾಗ ಮಂಜು ಬಿದ್ದದ. ವಿಮಾನ ಎದ್ದೇ ಇಲ್ಲಂತ.”

“ಯಾವಾಗ ಏಳ್ತದಂತ್ರಿ?”

“ಅವ್ರಿಗೇ ಗೊತ್ತಿಲ್ಲ.”

ಚುರುಗುಟ್ಟುವ ಬಿಸಿಲಿನಲ್ಲಿ ನಿಂತು ಮಂಜಿನ ಸುದ್ದಿ ಹೇಳಿದರೆ ಯಾರು ನಂಬುತ್ತಾರೆ? ಮಾಲೀಕ ವಿಮಾನ ಮಾಡಿಕೊಟ್ಟರೂ ಮಂಜು ಬಿಡಲೊಲ್ಲದು; ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ತಲೆಯ ಮೇಲೆ ಬಡಗಣ ದಿಕ್ಕಿನಿಂದ ಹಕ್ಕಿಗಳ ಸಾಲು ಬೋನಾಳ ಕೆರೆಯ ಕಡೆ ಹೋಗುತ್ತಿತ್ತು. ನನಗೆ ಆ ಹಕ್ಕಿಗಳ ಮೇಲೂ ಸಿಟ್ಟು ಬಂತು. ಅವಕ್ಕೆ ಅಡ್ಡ ಬಾರದ ಮಂಜು ನನ್ನ ತಮ್ಮನಿಗೆ ಮಾತ್ರ ಯಾಕೆ ಬರಬೇಕು?

ಹೊತ್ತು ಇಳಿಯುವಾಗ ಮತ್ತೆ ಫೋನು. ಇವತ್ತಿನ ವಿಮಾನ ರದ್ದಾಗಿತ್ತು. ಇನ್ನು ನಾಳೆಯೇ, ಅದೂ ಮಂಜು ಸರಿದರೆ.

ಓಣಿಯ ಹಿರಿಯ ಬಸವಣ್ಣ ಕಾಕಾ ಅಪ್ಪನ ಹತ್ತಿರ ಬಂದ. “ತೋಡಿದ ಕುಣಿ ಖಾಲಿ ಬಿಟ್ಟು ಹೊತ್ತು ಮುಳುಗಿಸಬಾರ್ದು, ಅಯ್ಯಣ್ಣ. ಅದು ಮತ್ತೊಬ್ಬರನ್ನ ಕೇಳ್ತದ. ಈಗ ಮುಚ್ಚಿಬಿಡಮು, ನಾಳಿ ಮತ್ತ ತೋಡಿದ್ರಾಯ್ತು.”

ಇಬ್ಬರು ಸಲಿಕೆ ಎತ್ತಿದರು. ಅವ್ವ ಓಡಿಬಂದಳು.

“ನನ್ನ ಮಗ ಬರೂಕಿನ್ನ ಮುಂಚೆ ಮುಚ್ಚತೀರಿ? ಯಾರನ್ನ ಮುಚ್ಚತೀರಿ ಅದ್ರಾಗ?”

ನಾನೂ ಬಾಯಿಗೆ ಬಂದಂತೆ ಬೈದೆ, ಹಿರಿಯರು ಕಿರಿಯರು ಎಂದು ನೋಡಲಿಲ್ಲ. ಅಪ್ಪ ಮೆಲ್ಲಗೆ ಕುಣಿಯೊಳಗೆ ಇಳಿದ. ಹೆಗಲ ಮೇಲಿನ ಟವೆಲ್ ತೆಗೆದು, ನನ್ನ ತಮ್ಮ ಕೂರಬೇಕಾದ ಗೂಡಿನಲ್ಲಿ ಹಾಸಿದ.

“ಖಾಲಿ ಇಲ್ಲ,” ಅಂದ. “ಜಾಗ ಹಿಡದೀನಿ.”

ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಟವೆಲ್ ಬಿದ್ದ ಸೀಟಿನಲ್ಲಿ ಎಂಥ ಜಗಳಗಂಟನೂ ಕೂರುವುದಿಲ್ಲ. ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ. ಅವತ್ತು ಹೊಲದ ಬೇವಿನ ಮರ ಹಿಡಿದುಕೊಂಡು ಅತ್ತುಬಿಟ್ಟೆ. ಸಲಿಕೆ ಎತ್ತಿದವರು ಕೆಳಗಿಟ್ಟರು.

ಮರುದಿನ ವಿಮಾನ ತಡವಾಗಿಯೇ ಬಂತು. ಆಂಬುಲೆನ್ಸ್ ಹೊಲಕ್ಕೆ ಬರುವಾಗ ಬಿಸಿಲು ಕೆಂಪಾಗಿತ್ತು. ಪೆಟ್ಟಿಗೆ ತೆರೆದರು. ತಮ್ಮ ನೆಟ್ಟಗೆ ಮಲಗಿದ್ದ. ನನ್ನ ಗಂಡ ಬಸವಣ್ಣ ಕಾಕಾನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನ್ನ ಕಿವಿಗೂ ಬಿತ್ತು.

“ಎಷ್ಟು ತಡ ಆಗ್ತದೋ ಅಂತ ಅಲ್ಲಿ ಹೆಣ ಕೆಡದಂಗ ಔಷಧ ಜಾಸ್ತಿ ಹಾಕ್ಯಾರ ಕಾಕಾ. ಮೈ ಕಟ್ಟಿಗಿ ಆಗ್ಯದ. ಮೊಣಕಾಲು ಮಡಚಲಿಕ್ಕೆ ಬರಂಗಿಲ್ಲ.”

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮೊಣಕಾಲನ್ನು ಮೆಲ್ಲಗೆ ಒತ್ತಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಗುಂಪಿನಲ್ಲಿ ಯಾರೋ, “ಜೋರ್ ಮಾಡಿ ಮುರೀಬೇಕಾಗ್ತದ,” ಎಂದರು. ಎಲ್ಲರೂ ಅವ್ವನ ಕಡೆ ನೋಡಿದರು. ಅವಳು ಹೂಂ ಎಂದರೆ ಮಾಡಿಬಿಡುತ್ತಿದ್ದರು. ಎರಡು ದಿನದಿಂದ ಕುಂದರಿಸ್ರಿ, ಕುಂದರಿಸ್ರಿ ಎಂದು ಗಂಟಲು ಹರಿದುಕೊಂಡವಳು ಹೂಂ ಅಂದೇಬಿಡುತ್ತಾಳೆಂದು ನಾನು ಹೆದರಿದೆ.

ಅವ್ವ ಪೆಟ್ಟಿಗೆಯ ಪಕ್ಕ ಕುಳಿತಳು. ತಮ್ಮನ ಮೊಣಕಾಲಿನಿಂದ ಪಾದದವರೆಗೆ ಕೈಯಾಡಿಸಿದಳು. ಮನೆಗೆ ಬಂದಾಗಲೂ ಅವನು ಲಾರಿಯಲ್ಲಿದ್ದ ಹಾಗೆ ಮುದುಡಿಯೇ ಮಲಗುತ್ತಿದ್ದ. ಆಗೆಲ್ಲ ಇವಳೇ ಎದ್ದು ಅವನ ಕಾಲು ಹಿಡಿದು ನೀಟ ಮಾಡುತ್ತಿದ್ದಳು.

“ಸಣ್ಣಾವ ಇದ್ದಾಗಿಂದ ಸ್ಟೇರಿಂಗ್ ಮುಂದ ಕುಂತಾನ,” ಅಂದಳು. “ಉಂಡದ್ದೂ ಕುಂತು, ನಿದ್ದಿ ಮಾಡಿದ್ದೂ ಕುಂತು, ಜೀವ ಬಿಟ್ಟದ್ದೂ ಕುಂತು. ಸಾಕ್ರೆಪ್ಪಾ. ಕುಣಿ ಉದ್ದ ಮಾಡ್ರಿ. ನನ್ನ ಮಗ ಕಾಲು ಚಾಚಿ ಮಲಗ್ಲಿ.”

ಅಯ್ಯನವರು ಲಿಂಗವನ್ನು ಅವನ ಎದೆಯ ಮೇಲಿಟ್ಟು, ಹಣೆಗೆ ವಿಭೂತಿ ಹಚ್ಚಿದರು. ಗಂಡಸರು ಗುದ್ದಲಿ ಹಿಡಿದು ಕುಣಿಯನ್ನು ಉದ್ದ ಮಾಡಿದರು.

ಅಪ್ಪ ಮತ್ತೆ ಕೆಳಗಿಳಿದ. ಗೂಡಿನಲ್ಲಿದ್ದ ಟವೆಲ್ ತೆಗೆದು ಮಣ್ಣು ಕೊಡವಿದ. ಅದನ್ನು ನಾಲ್ಕು ಮಡಿಕೆ ಮಾಡಿ, ತಲೆ ಬರುವ ಕಡೆ ಇಟ್ಟು ಮೇಲಕ್ಕೆ ಬಂದ. ಆಮೇಲೆ ತಮ್ಮನನ್ನು ಇಳಿಸಿದರು.